ಆಯಿ ಯಾರು, ತಾಯಿ ಯಾರು: ದತ್ತು ಮನೆಯೊಂದರ ಎರಡು ಭಾಷೆಗಳು

ಅಕ್ಕಲಕೋಟ ಸೀಮೆಯ ಒಂದು ಕನ್ನಡ ಮನೆಗೆ ಮರಾಠಿಯನ್ನಷ್ಟೇ ಬಲ್ಲ ಇಬ್ಬರು ಮಕ್ಕಳು ದತ್ತು ಬಂದರು. ಅಕ್ಕನಿಗೆ 7 ವರ್ಷ, ತಮ್ಮನಿಗೆ 4. ಬಂದ ಮೂರನೆಯ ದಿನ ಅಜ್ಜಿ ದೇವರ ಮುಂದೆ ಕುಳಿತು ಹುಡುಗಿಗೆ, “ಕಾಯಿ ತೊಗೊಂಡ ಬಾ” ಎಂದರು.

“ಕಾಯ್?” ಎಂದಳು ಹುಡುಗಿ.

“ಹೂಂ, ಕಾಯಿ.”

“ಕಾಯ್?”

“ಕಾಯೀನ ಅಂತೀನಲ್ಲ!”

ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’. ಮಗು ಪ್ರಶ್ನೆ ಕೇಳುತ್ತಿತ್ತು, ಅಜ್ಜಿ ಅದನ್ನು ಒಪ್ಪಿಗೆಯೆಂದು ತಿಳಿಯುತ್ತಿದ್ದರು. ತೆಂಗಿನಕಾಯಿ ಮಾತ್ರ ಅಡುಗೆಮನೆಯ ಮೂಲೆಯಲ್ಲೇ ಉಳಿಯಿತು. ಅಜ್ಜಿಗೆ ಮರಾಠಿ ಬಾರದೆಂದಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಜೀವನವಿಡೀ ಆಡಿದ ಭಾಷೆ ಅದು. ಆದರೆ ಅದಕ್ಕೆ ಅವರ ಬದುಕಿನಲ್ಲಿ ಇದ್ದ ಜಾಗ ಹೊಸ್ತಿಲ ಹೊರಗೆ. ದೇವರ ಮನೆಯಲ್ಲಿ ನಿಂತು ಯಾರಾದರೂ ‘ಕಾಯ್’ ಎಂದರೆ ಅದು ಮರಾಠಿ ಆಗಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಗಡಿನಾಡಿನ ದ್ವಿಭಾಷಿಕರು ಎರಡು ಭಾಷೆ ಬಲ್ಲವರು ಎಂದರೆ ಸಾಲದು. ಯಾವ ಭಾಷೆ ಎಲ್ಲಿ ಕೇಳಿಬರಬೇಕು ಎಂಬ ನಿರೀಕ್ಷೆಯೂ ಅವರ ಭಾಷಾಜ್ಞಾನದ ಭಾಗವೇ. ದತ್ತು ಬಂದ ಮಕ್ಕಳು ಮೊದಲು ಕದಡುವುದು ಈ ನಿರೀಕ್ಷೆಯನ್ನು.

ಈ ಸೀಮೆಯಲ್ಲಿ ಇಂಥ ಎಡವಟ್ಟುಗಳು ಹೆಚ್ಚಲು ಒಂದು ಕಾರಣವಿದೆ. ಸಾಂಗಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಅಲ್ಲಿನ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿದೆಯೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದೆಂದು ಅವರು ತೋರಿಸಿದರು. ವಾಕ್ಯದ ಎರಕ ಒಂದೇ ಆದಲ್ಲಿ ಕಿವಿ ನಂಬುವುದು ಪದವನ್ನು. ಪದವೇ ಎರಡೂ ಕಡೆ ಒಂದೇ ತೆರನಾಗಿ ಕೇಳಿದರೆ ಎಚ್ಚರಿಸುವವರು ಯಾರೂ ಇಲ್ಲ.

ಸ್ನಾನದ ಮನೆಯಲ್ಲಿ ಇದಕ್ಕೆ ಹುಡುಗ ಕಣ್ಣುರಿಯ ತೆರಿಗೆ ಕೊಟ್ಟ. ತಲೆಗೆ ಸಾಬೂನು ಹಚ್ಚಿ, ನೀರಿನ ತಂಬಿಗೆ ಎತ್ತಿ ತಾಯಿ “ಬಗ್ಗು” ಎಂದಳು. ಮರಾಠಿಯಲ್ಲಿ ‘ಬಘ್’ ಎಂದರೆ ‘ನೋಡು’. ವಿಧೇಯ ಮಗು ಕತ್ತೆತ್ತಿ, ಎರಡೂ ಕಣ್ಣು ಅರಳಿಸಿ ನೋಡಿತು. ಎರಡನೆಯ ಸಲವೂ ನೋಡಿತು. ಮೂರನೆಯ ದಿನ ತಾಯಿಯೇ ಮರಾಠಿಗೆ ಹೊರಳಿದಳು.

ಬಂಧುವಾಚಕಗಳ ಗೊಂದಲ ಇದಕ್ಕಿಂತ ಆಳವಾದುದು. ಮರಾಠಿಯ ‘ಆಈ’ ಹೆತ್ತವಳು. ಉತ್ತರದ ಕನ್ನಡ ಮನೆಗಳಲ್ಲಿ ‘ಆಯಿ’ ಅಜ್ಜಿ. ಮರಾಠಿಯ ‘ತಾಈ’ ಅಕ್ಕ. ಕನ್ನಡದ ‘ತಾಯಿ’ ಹೆತ್ತವಳು. ಎರಡು ಭಾಷೆಗಳ ನಡುವೆ ಹೆಣ್ಣುಮಕ್ಕಳೆಲ್ಲ ಒಂದೊಂದು ತಲೆಮಾರು ಮೇಲೆ ಕೆಳಗೆ ಸರಿದುಬಿಡುತ್ತಾರೆ. ಹುಡುಗಿ ರಾತ್ರಿ ಹೆದರಿ “ಆಈ” ಎಂದು ಕರೆದರೆ ಎದ್ದು ಬರುವವರು ಅಜ್ಜಿ; ಆ ಪದಕ್ಕಾಗಿ ವರ್ಷಗಟ್ಟಲೆ ಕಾದಿದ್ದ ತಾಯಿ ಅದು ತನ್ನನ್ನು ಕರೆದದ್ದಲ್ಲವೆಂದು ಮಗ್ಗುಲು ಬದಲಿಸುತ್ತಾಳೆ.

ದತ್ತಕದ ನಿಯಮಗಳ ಪ್ರಕಾರ ಮಕ್ಕಳು ಮನೆಗೆ ಬಂದ ಮೇಲೆ ಎರಡು ವರ್ಷಗಳ ಕಾಲ, ಆರು ತಿಂಗಳಿಗೊಮ್ಮೆ, ಅವರ ಯೋಗಕ್ಷೇಮದ ವರದಿ ಸಿದ್ಧವಾಗಬೇಕು. ಮೊದಲ ಭೇಟಿಗೆ ಬಂದ ಸಮಾಜ ಕಾರ್ಯಕರ್ತೆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಮರಾಠಿಯಲ್ಲಿ, “ನಿನ್ನ ಆಈ ಎಲ್ಲಿ?” ಎಂದು ಕೇಳಿದರು. ಆ ಹೊತ್ತಿಗೆ ಮನೆಯ ರೂಢಿ ಕಲಿತಿದ್ದ ಹುಡುಗ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅಜ್ಜಿಯತ್ತ ಬೆರಳು ಮಾಡಿದ. “ನಿನಗೆ ಊಟ ಮಾಡಿಸುವವರು ಯಾರು?” “ತಾಈ.” ಬಾಗಿಲಲ್ಲಿ ನಿಂತಿದ್ದ ತಂದೆಗೆ ‘ತಾಯಿ’ ಎಂದು ಕೇಳಿಸಿ ಮುಖ ಅರಳಿತು, ಕಾರ್ಯಕರ್ತೆಗೆ ‘ಅಕ್ಕ’ ಎಂದು ಕೇಳಿಸಿ ಹುಬ್ಬು ಗಂಟಿಕ್ಕಿತು. ತಾಯಿ ಯಾರೆಂದೇ ಅರಿಯದ, ಏಳು ವರ್ಷದ ಅಕ್ಕನಿಂದ ಸಾಕಿಸಿಕೊಳ್ಳುತ್ತಿರುವ ಮಗು ಎಂಬ ಷರಾ ಬೀಳಲು ಇನ್ನು ಒಂದು ಗೆರೆಯಷ್ಟೇ ಉಳಿದಿತ್ತು. ಚಹಾ ಬಂತು, ವಿವರಣೆ ನಡೆಯಿತು, ಕಾರ್ಯಕರ್ತೆ ನಕ್ಕರು. ಆದರೂ ಹುಡುಗ ಹೇಳಿದ್ದು ಪೂರ್ತಿ ತಪ್ಪಾಗಿರಲಿಲ್ಲ. ಈ ಮನೆಗೆ ಬರುವ ಮೊದಲು ಅವನಿಗೆ ತುತ್ತಿಟ್ಟವಳು ಅಕ್ಕನೇ. ಅವಳು ಆ ಕೆಲಸವನ್ನು ಬಿಟ್ಟುಕೊಡಲು ತಿಂಗಳುಗಳೇ ಬೇಕಾದವು, ತಮ್ಮನ ತಟ್ಟೆಯ ಮುಂದೆ ಇಬ್ಬರು ‘ತಾಯಿ’ಯರು ಮೊಸರನ್ನಕ್ಕಾಗಿ ಪೈಪೋಟಿ ನಡೆಸಿದ್ದೂ ಉಂಟು.

ದತ್ತುಮಕ್ಕಳ ಮೊದಲ ಭಾಷೆಯ ಗತಿಯೇನು ಎಂಬ ಪ್ರಶ್ನೆಗೆ ವಿದ್ವತ್ತಿನಲ್ಲಿ ಎರಡು ಉತ್ತರಗಳಿವೆ. ಪಾಲ್ಯೇ ಮತ್ತು ಸಂಗಡಿಗರು 2003ರಲ್ಲಿ, 3ರಿಂದ 8ರ ವಯಸ್ಸಿನಲ್ಲಿ ಫ್ರೆಂಚ್ ಮನೆಗಳಿಗೆ ದತ್ತು ಹೋದ ಕೊರಿಯಾದವರನ್ನು ಪರೀಕ್ಷಿಸಿದರು. ಕೊರಿಯನ್ ವಾಕ್ಯಗಳಿಗೆ ಅವರ ಮಿದುಳು ಆ ಭಾಷೆಯನ್ನು ಎಂದೂ ಕೇಳದವರಂತೆಯೇ ಸ್ಪಂದಿಸಿತು. ಪಿಯರ್ಸ್ ಮತ್ತು ಸಂಗಡಿಗರು 2014ರಲ್ಲಿ, ಶೈಶವದಲ್ಲೇ ಫ್ರೆಂಚ್ ಮನೆಗಳಿಗೆ ದತ್ತು ಬಂದ ಚೀನೀ ಮೂಲದ ಮಕ್ಕಳಲ್ಲಿ ಬೇರೆಯದನ್ನು ಕಂಡರು: ಪದವೊಂದೂ ನೆನಪಿಲ್ಲದಿದ್ದರೂ ಚೀನೀ ಸ್ವರಭೇದಗಳಿಗೆ ಅವರ ಮಿದುಳು ಆ ಭಾಷೆ ಬಲ್ಲವರಂತೆ ಸ್ಪಂದಿಸುತ್ತಿತ್ತು. ಇವೆರಡೂ ಭಾಷೆಯೊಂದಿಗೆ ಊರೂ ಬದಲಾದ ಮಕ್ಕಳ ಕಥೆ. ರಷ್ಯಾದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳ ಮನೆಮಾತನ್ನು ಕುರಿತ ಲಿನ್ ಫೋಗಲ್ ಅವರ 2012ರ ಗ್ರಂಥ ಇಲ್ಲಿಗೆ ಹೆಚ್ಚು ಹತ್ತಿರದ್ದು. ಮನೆಯ ಭಾಷಾವ್ಯವಹಾರವನ್ನು ಹಿರಿಯರಷ್ಟೇ ಅಲ್ಲ, ಮಕ್ಕಳೂ ತಿದ್ದುತ್ತಾರೆಂಬುದನ್ನು ಅದು ತೋರಿಸುತ್ತದೆ. ಸ್ನಾನದ ಮನೆಯಲ್ಲಿ ತಾಯಿ ಮರಾಠಿಗೆ ಹೊರಳಿದ್ದು ಅದೇ.

ಆದರೆ ಅಕ್ಕಲಕೋಟದಲ್ಲಿ ತಕ್ಕಡಿ ತಲೆಕೆಳಗು. ಅಲ್ಲಿ ಮಕ್ಕಳು ತಂದ ಭಾಷೆ ಅಲ್ಪಸಂಖ್ಯಾತ, ದತ್ತು ಪಡೆದವರದು ನಾಡಭಾಷೆ; ಇಲ್ಲಿ ಮಕ್ಕಳು ತಂದದ್ದೇ ರಾಜ್ಯಭಾಷೆ. ಬೀದಿ, ಆಸ್ಪತ್ರೆ, ದೂರದರ್ಶನ ಎಲ್ಲವೂ ಅವರ ಮರಾಠಿಯನ್ನು ಪುಕ್ಕಟೆಯಾಗಿ ಸಾಕುತ್ತವೆ. ಸೊರಗಬಹುದಾದದ್ದು ಅಜ್ಜಿಯ ಕನ್ನಡ. ಮಕ್ಕಳಿಗಾಗಿ ಹಿರಿಯರೆಲ್ಲ ಮರಾಠಿಗೆ ಹೊರಳಿದರೆ, ಎಷ್ಟೋ ತಲೆಮಾರು ಹೊಸ್ತಿಲೊಳಗೆ ಉಳಿದು ಬಂದ ಭಾಷೆ ಒಂದು ಸಾಬೂನಿನ ನೆವದಲ್ಲಿ ಹೊರಗೆ ಹೋಗುತ್ತದೆ. ಹೊರಳದಿದ್ದರೆ, ಮಕ್ಕಳ ಹಿಂದಿನ ಬದುಕಿನ ನೆನಪು ಕುಳಿತಿರುವ ಭಾಷೆಗೆ ಮನೆಯಲ್ಲಿ ಮಣೆ ಇಲ್ಲದಂತಾಗುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯೋ ಮರಾಠಿ ಶಾಲೆಯೋ ಎಂಬ ಪ್ರಶ್ನೆ ಈ ಮನೆಯಲ್ಲಿ ಎರಡು ಬೇಸಿಗೆ ಚರ್ಚೆಯಾಯಿತು. ಕೊನೆಗೆ ಅದನ್ನು ಬಗೆಹರಿಸಿದವಳು ಹುಡುಗಿ: ಪಕ್ಕದ ಮನೆಯ ಗೆಳತಿ ಹೋಗುವ ಶಾಲೆಯೇ ಬೇಕೆಂದಳು, ಅದು ಕನ್ನಡದ್ದಾಗಿತ್ತು.

ಭಾರತದ ಜನಗಣತಿಯಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ತಾಯಿ ಶೈಶವದಲ್ಲೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಯಾವ ತಾಯಿ, ಯಾವ ಮನೆ ಎಂಬುದು ಆ ವ್ಯಾಖ್ಯೆಗೆ ಸ್ವಯಂಸ್ಪಷ್ಟ. ಈ ಇಬ್ಬರಿಗೆ ಅದು ಹಾಗಿಲ್ಲ, ಕೋಷ್ಟಕದಲ್ಲಿರುವುದು ಒಂದೇ ಖಾನೆ.

ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುಗನನ್ನು ಹೊರಗಿಟ್ಟರೆ ‘ಆಮ್ಹೀ’, ಒಳಗೊಂಡರೆ ‘ಆಪಣ್’. ಶಿಷ್ಟ ಕನ್ನಡಕ್ಕೆ ಈ ಭೇದವಿಲ್ಲ. ಬಹುಕಾಲ ಹುಡುಗಿಯ ಬಾಯಲ್ಲಿ ಇದ್ದದ್ದು ‘ಆಮ್ಹೀ’ ಒಂದೇ: ನಾವು ಉಂಡೆವು, ನಾವು ಮಲಗುತ್ತೇವೆ; ಅಂದರೆ ತಾನು ಮತ್ತು ತಮ್ಮ. ಕನ್ನಡದಲ್ಲಿ ಆಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರಾಠಿಯಲ್ಲಿ ತಂದೆಗೆ ಪ್ರತಿಸಲ ತಿಳಿಯುತ್ತಿತ್ತು.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ದೊಡ್ಡ ಸದ್ದು ಬಂತು. ಅಜ್ಜಿ ಓಡಿಬಂದರೆ ಉಪ್ಪಿನಕಾಯಿಯ ಬರಣಿ ಮೂರು ಹೋಳು, ಅಕ್ಕತಮ್ಮಂದಿರ ಕಾಲ್ಬೆರಳಿಗೆಲ್ಲ ಎಣ್ಣೆ. ಹುಡುಗಿ ತಡಮಾಡದೆ ಅಜ್ಜಿಯ ಕಣ್ಣನ್ನೇ ನೋಡುತ್ತ, “ಆಪಣ್ ಬರಣಿ ಫೋಡಲೀ” ಎಂದಳು. ತಪ್ಪಿನಲ್ಲಿ ಅಜ್ಜಿಗೂ ಪಾಲು! ಅಜ್ಜಿಯ ಸಂತೆಯ ಮರಾಠಿಯಲ್ಲಾದರೋ ‘ಆಪಣ್’ ಎಂದರೆ ವ್ಯಾಪಾರಿಗಳು ಗೌರವಕ್ಕೆ ಬಳಸುವ ‘ತಾವು’. “ನಾ ಯಾಕ ಒಡೀಲಿ? ಅದು ನನ್ನ ತವರುಮನಿ ಬರಣಿ!” ಎಂದು ಅವರು ಸಿಡಿದರು. ಆ ಅರ್ಥಕ್ಕೆ ‘ಫೋಡಲೀತ್’ ಎಂದಿರಬೇಕಿತ್ತಲ್ಲವೇ ಎಂಬ ವ್ಯಾಕರಣದ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸಂಜೆ ಮಗ ಆ ಪದವನ್ನು ಬಿಡಿಸಿ ಹೇಳಿದ. ಅಜ್ಜಿ ಏನೂ ಅನ್ನಲಿಲ್ಲ.

ಮರುದಿನ ನೆರೆಮನೆಯಾಕೆ ಹಿತ್ತಿಲಲ್ಲಿ ಬರಣಿಯ ಚೂರು ಕಂಡು, “ಯಾರ ಒಡದ್ರಿ ಆಯಿ ಇದನ್ನ?” ಎಂದು ಕೇಳಿದಳು.

“ನಾವs ಒಡದ್ವಿ” ಎಂದರು ಅಜ್ಜಿ.

ಕನ್ನಡದ ‘ನಾವು’ ಆದ್ದರಿಂದ ಅದರಲ್ಲಿ ಕೇಳುಗಳೂ ಸೇರಿದ್ದಾಳೋ ಇಲ್ಲವೋ ಸ್ಪಷ್ಟವಾಗಲಿಲ್ಲ. ತಾನಂತೂ ಆ ಬರಣಿ ಮುಟ್ಟಿಲ್ಲವೆಂದು ಹೇಳಿ ನೆರೆಯಾಕೆ ಮನೆಗೆ ನಡೆದಳು.