ಕ್ಯೂ ಕೋಲಿನ ಖರೀದಿ: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಪೂಲ್ ಮತ್ತು ಸ್ನೂಕರ್ ಆಟಗಳು ಒಂದು ಕಾಲದಲ್ಲಿ ದೊಡ್ಡ ನಗರಗಳ ಕ್ಲಬ್ಬುಗಳಿಗೆ ಸೀಮಿತವಾಗಿದ್ದವು. ಇಂದು ತಾಲ್ಲೂಕು ಪಟ್ಟಣದಲ್ಲಿಯೂ ಒಂದೆರಡು ಮೇಜುಗಳನ್ನು ಹಾಕಿ ಗಂಟೆಯ ಲೆಕ್ಕದಲ್ಲಿ ಆಟ ನಡೆಸುವುದು ಸಣ್ಣ ಬಂಡವಾಳದ ಒಂದು ಉದ್ಯಮವಾಗಿದೆ. ಇಂತಹ ಉದ್ಯಮಕ್ಕೆ ಇಳಿಯುವವರು ಮೇಜಿನ ಆಯ್ಕೆಗೆ ತೋರುವ ಕಾಳಜಿಯನ್ನು ಆಟದ ಕೋಲಿನ ಆಯ್ಕೆಗೆ ತೋರುವುದು ಅಪರೂಪ. ಆದರೆ ಗಿರಾಕಿಯು ಆಟದ ಉದ್ದಕ್ಕೂ ಕೈಯಲ್ಲಿ ಹಿಡಿದಿರುವುದು ಕೋಲನ್ನೇ. ಡೊಂಕು ಕೋಲು, ಸವೆದ ತುದಿ ಇರುವ ಕೇಂದ್ರಕ್ಕೆ ಆತ ಎರಡನೆಯ ಸಲ ಬರುವುದು ಅನುಮಾನ. ಹೂವಿನಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಂತಹ ಊರುಗಳಲ್ಲಿ ಗಿರಾಕಿಗಳ ಸಂಖ್ಯೆ ಮಿತವಾದುದರಿಂದ ಈ ನಷ್ಟದ ಹೊರೆ ಇನ್ನೂ ಹೆಚ್ಚು.

ಸ್ನೂಕರ್ ಹುಟ್ಟಿದ್ದು ಭಾರತದ ನೆಲದಲ್ಲಿ. 1875ರಲ್ಲಿ ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಆರಂಭವಾದ ಆಟಕ್ಕೆ ಮುಂದೆ ಊಟಿಯ ಕ್ಲಬ್ಬಿನಲ್ಲಿ ನಿಯಮಗಳು ರೂಪುಗೊಂಡವು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಈ ಆಟಗಳ ಕೇಂದ್ರವಾಗಿದೆ. ಅರವಿಂದ್ ಸವೂರ್ ಅವರಲ್ಲಿ ತರಬೇತಿ ಪಡೆದ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಗೆದ್ದರು. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ತಮ್ಮ 28ನೆಯ ವಿಶ್ವ ಪ್ರಶಸ್ತಿಯನ್ನು ಪಡೆದರು. ಇಂತಹ ಸಾಧನೆಗಳು ಸಣ್ಣ ಊರಿನ ಯುವಕರಲ್ಲಿಯೂ ಆಸಕ್ತಿ ಹುಟ್ಟಿಸಿವೆ. ಆ ಆಸಕ್ತಿಯನ್ನು ವ್ಯಾಪಾರವಾಗಿ ಉಳಿಸಿಕೊಳ್ಳಲು ದುಬಾರಿ ಸರಕು ಬೇಕಿಲ್ಲ. ಸರಕಿನ ತಿಳಿವಳಿಕೆ ಬೇಕು.

ಮೇಜಿಗೆ ತಕ್ಕ ಕೋಲು

ಮೊದಲನೆಯದಾಗಿ, ಪೂಲ್ ಕೋಲು ಬೇರೆ, ಸ್ನೂಕರ್ ಕೋಲು ಬೇರೆ ಎಂಬುದನ್ನು ಗಮನಿಸಬೇಕು. ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿ.ಮೀ.; ಸ್ನೂಕರ್ ಚೆಂಡಿನದು 52.5 ಮಿ.ಮೀ. ಭಾರವಾದ ಪೂಲ್ ಚೆಂಡಿಗೆ 12.5ರಿಂದ 13 ಮಿ.ಮೀ. ಅಗಲದ ತುದಿಯೂ 510ರಿಂದ 595 ಗ್ರಾಂ ತೂಕದ ಕೋಲೂ ಹೊಂದುತ್ತವೆ. ಸ್ನೂಕರ್‌ಗೆ 9ರಿಂದ 10 ಮಿ.ಮೀ. ತುದಿ ಮತ್ತು 480ರಿಂದ 540 ಗ್ರಾಂ ತೂಕ ರೂಢಿಯಲ್ಲಿವೆ. ಉದ್ದ ಎರಡಕ್ಕೂ ಸಾಮಾನ್ಯವಾಗಿ 57ರಿಂದ 58 ಅಂಗುಲ. ಸ್ನೂಕರ್‌ನ ಸಣ್ಣ ತುದಿಯ ಕೋಲಿನಿಂದ ಪೂಲ್ ಆಡಿದರೆ ತುದಿ ಬೇಗ ಸವೆಯುತ್ತದೆ. ಪೂಲ್ ಕೋಲಿನಿಂದ ಸ್ನೂಕರ್ ಆಡಿದರೆ ಚೆಂಡಿನ ಮೇಲಿನ ಗುರಿ ಸೂಕ್ಷ್ಮವಾಗುವುದಿಲ್ಲ. ಎರಡೂ ಬಗೆಯ ಮೇಜುಗಳನ್ನು ಇಟ್ಟವರು ಕೋಲುಗಳನ್ನು ಬೇರೆ ಬೇರೆ ಸ್ಟ್ಯಾಂಡಿನಲ್ಲಿ ಇಡುವುದು ಲೇಸು.

ಬೆಲೆಯು ಎಲ್ಲಿ ಅಡಗಿದೆ

ಕೋಲಿಗೆ ಎರಡು ಭಾಗಗಳು: ಹಿಡಿಯುವ ದಪ್ಪ ಹಿಂಭಾಗಕ್ಕೆ ಬಟ್ ಎಂದೂ, ಮುಂದಿನ ತೆಳ್ಳನೆಯ ಭಾಗಕ್ಕೆ ಶಾಫ್ಟ್ ಎಂದೂ ಹೆಸರು. ಶಾಫ್ಟಿನ ಕೊನೆಗೆ ಮರ ಸೀಳದಂತೆ ಕಾಯುವ ಉಂಗುರವಾದ ಫೆರೂಲ್ ಇರುತ್ತದೆ. ಸ್ನೂಕರ್ ಕೋಲಿನಲ್ಲಿ ಇದು ಹಿತ್ತಾಳೆಯದು, ಪೂಲ್ ಕೋಲಿನಲ್ಲಿ ಬಹುಮಟ್ಟಿಗೆ ಪ್ಲಾಸ್ಟಿಕ್ ಅಥವಾ ಫೈಬರಿನದು. ಅದರ ಮೇಲೆ ಚರ್ಮದ ಟಿಪ್ ಅಂಟಿರುತ್ತದೆ.

ಚೆಂಡಿಗೂ ಟಿಪ್ಪಿಗೂ ಸಂಪರ್ಕ ಇರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಹೊಡೆತದ ಫಲವನ್ನು ಆ ಕ್ಷಣದಲ್ಲಿ ಬಹುಪಾಲು ನಿರ್ಧರಿಸುವುದು ಟಿಪ್ ಮತ್ತು ಶಾಫ್ಟಿನ ಮುಂತುದಿಯ ಕೆಲವು ಅಂಗುಲಗಳು. ಬಟ್ಟಿನ ಮೇಲಿನ ಎಬೊನಿಯ ಕರಿಮರ, ಬೀಟೆಯ ಕೆತ್ತನೆ, ಬಣ್ಣದ ಪಟ್ಟಿ ಇವು ತೂಕಕ್ಕೂ ನೋಟಕ್ಕೂ ನೆರವಾಗುತ್ತವೆ; ಚೆಂಡಿನ ದಾರಿಯನ್ನು ತಿದ್ದುವುದಿಲ್ಲ. ಆದರೆ ಅಂಗಡಿಯಲ್ಲಿ ಬೆಲೆ ಏರುವುದು ಹೆಚ್ಚಾಗಿ ಈ ಅಲಂಕಾರದಿಂದಲೇ. ಮಿತವಾದ ಹಣ ಉಳ್ಳವರು ನೆನಪಿಡಬೇಕಾದ ಸೂತ್ರ ಇದೇ: ಹಣವನ್ನು ಮುಂತುದಿಗೆ ಹಾಕಬೇಕು, ಹಿಂತುದಿಯಲ್ಲಿ ಉಳಿಸಬೇಕು.

ಮರದ ಗುಣ

ಸ್ನೂಕರ್ ಕೋಲಿನ ಶಾಫ್ಟಿಗೆ ಆ್ಯಶ್ ಮರವೂ ಪೂಲ್ ಕೋಲಿಗೆ ಮೇಪಲ್ ಮರವೂ ಹೆಸರಾಗಿವೆ. ಆ್ಯಶ್ ಮರದಲ್ಲಿ ಬಾಣದ ಮೊನೆಯಂತಹ ಎಳೆಗಳು ಕಾಣುತ್ತವೆ, ಮೇಪಲ್ ನುಣುಪಾಗಿರುತ್ತದೆ. ಎಳೆಗಳು ಕೋಲಿನ ಉದ್ದಕ್ಕೆ ನೇರವಾಗಿ ಹರಿದಿದ್ದರೆ ಒಳ್ಳೆಯ ಮರ. ಓರೆಯಾಗಿ ಪಕ್ಕಕ್ಕೆ ಹರಿದಿದ್ದರೆ ಮುಂದೆ ಬಾಗುವ ಸಂಭವ ಹೆಚ್ಚು. ಆ್ಯಶ್ ಮರಕ್ಕೆ ಅಮೆರಿಕದಲ್ಲಿ ಹಸಿರು ಬಣ್ಣದ ಒಂದು ಕೊರೆಹುಳು ಶತ್ರುವಾಗಿದೆ. 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾದ ಈ ಕೀಟ ಅಂದಿನಿಂದ ಕೋಟ್ಯಂತರ ಮರಗಳನ್ನು ಒಣಗಿಸಿದೆ. ಆದ್ದರಿಂದ ಒಳ್ಳೆಯ ಆ್ಯಶ್ ಕೋಲನ್ನು ಕಾಪಾಡಿಕೊಳ್ಳುವುದು ಹೊಸದನ್ನು ಕೊಳ್ಳುವುದಕ್ಕಿಂತ ಜಾಣತನ. ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ಶಾಫ್ಟುಗಳು ಬಾಗುವುದಿಲ್ಲವಾದರೂ ಅವುಗಳ ಬೆಲೆ ಮಿತವ್ಯಯದ ಎಲ್ಲೆಯನ್ನು ಮೀರುತ್ತದೆ.

ಅಂಗಡಿಯಲ್ಲಿ ಪರೀಕ್ಷೆ

ಕುಣಿಯಲಾರದವಳು ನೆಲ ಡೊಂಕು ಎಂದಳು ಎಂಬ ಗಾದೆ ಹೊಸ ಆಟಗಾರರಿಗೆ ಹಲವು ಸಲ ಒಪ್ಪುತ್ತದೆ. ಆದರೆ ಕೋಲಿನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಕೊಳ್ಳುವ ಮುನ್ನ ಈ ನಾಲ್ಕು ಪರೀಕ್ಷೆಗಳನ್ನು ಮಾಡಬೇಕು.

1. ಕೋಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಟ್ಟಿನ ಕಡೆಯಿಂದ ತುದಿಯವರೆಗೆ ನೋಡುತ್ತ ನಿಧಾನವಾಗಿ ತಿರುಗಿಸಬೇಕು. ತುದಿ ಅತ್ತಿತ್ತ ಓಲಾಡಿದರೆ ಕೋಲು ಬಾಗಿದೆ.

2. ಎರಡು ತುಂಡಿನ ಕೋಲಾದರೆ ಪ್ರತಿ ತುಂಡನ್ನೂ ಗಾಜಿನ ಕಟ್ಟೆಯ ಮೇಲೆ ಉರುಳಿಸಿ ಕೆಳಗಿನ ಬೆಳಕಿನ ಸಂದನ್ನು ನೋಡಬೇಕು. ಬಳಿಕ ಜೋಡಿಸಿ ಉರುಳಿಸಬೇಕು. ತುಂಡುಗಳು ನೇರವಾಗಿದ್ದು ಜೋಡಿಸಿದಾಗ ಓಲಾಡಿದರೆ ದೋಷ ಜೋಡಣೆಯಲ್ಲಿದೆ. ಅದು ಸುಲಭವಾಗಿ ಸರಿಹೋಗದು.

3. ಬಟ್ಟಿನ ತಳದಲ್ಲಿರುವ ರಬ್ಬರನ್ನು ನೆಲಕ್ಕೆ ಮೆಲ್ಲನೆ ತಟ್ಟಬೇಕು. ಗುಂಯ್‌ಗುಡುವ ಶಬ್ದ ಬಂದರೆ ಒಳಗಿನ ತಿರುಪು ಅಥವಾ ಫೆರೂಲ್ ಸಡಿಲವಾಗಿದೆ.

4. ಫೆರೂಲ್ ಮರಕ್ಕೆ ಸೇರುವ ಜಾಗದಲ್ಲಿ ಉಗುರನ್ನು ಎಳೆದು ನೋಡಬೇಕು. ಮೆಟ್ಟಿಲು ತಗುಲಿದರೆ ಕೆಲಸ ಒರಟು ಎಂದರ್ಥ.

ನೋಡದೆ ಅಂಚೆ ಅಥವಾ ಸಾಗಣೆ ಸೇವೆಯ ಮೂಲಕ ತರಿಸುವವರು ಡೊಂಕು ಬಂದ ಕೋಲನ್ನು ಹಿಂದಕ್ಕೆ ಪಡೆಯುವ ಷರತ್ತನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಒಳಿತು.

ಸುಧಾರಣೆಯ ಕ್ರಮ

ಇರುವ ಕೋಲನ್ನೇ ಮೇಲ್ದರ್ಜೆಗೆ ಏರಿಸುವಾಗ ಕಡಮೆ ಖರ್ಚಿನದರಿಂದ ಆರಂಭಿಸಬೇಕು.

ಮೊದಲ ಮೆಟ್ಟಿಲು ಟಿಪ್. ಅಗ್ಗದ ಕೋಲಿನೊಡನೆ ಬರುವ ಟಿಪ್ ಗಟ್ಟಿಯಾಗಿ ಜಾರುತ್ತದೆ ಇಲ್ಲವೆ ಬೇಗ ಚಪ್ಪಟೆಯಾಗುತ್ತದೆ. ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್‌ನಂತಹ ಒತ್ತಿದ ಚರ್ಮದ ಟಿಪ್ಪುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಚರ್ಮದ ಪದರಗಳನ್ನು ಅಂಟಿಸಿ ಮಾಡಿದ ಟಿಪ್ಪುಗಳು ಇವುಗಳಿಗಿಂತ ದುಬಾರಿ. ಆಕಾರವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತವೆ. ಸಾರ್ವಜನಿಕ ಕೇಂದ್ರದಲ್ಲಿ ಅನೇಕ ಕೈಗಳು ಒಂದೇ ಕೋಲನ್ನು ಬಳಸುವುದರಿಂದ ಮಧ್ಯಮ ಗಟ್ಟಿತನದ ಒತ್ತಿದ ಟಿಪ್ಪೇ ಲಾಭಕರ. ಪೂಲ್ ಕೋಲಿನ ಟಿಪ್ಪಿನ ಗುಮ್ಮಟವು ಸುಮಾರು 22 ಮಿ.ಮೀ. ವ್ಯಾಸದ ಸಣ್ಣ ಒಂದು ರೂಪಾಯಿ ನಾಣ್ಯದ ಅಂಚಿನ ಬಾಗನ್ನು ಹೋಲುವಂತೆ ಮರಳು ಕಾಗದದಿಂದ ಉಜ್ಜಿದರೆ ಸಾಕು.

ಎರಡನೆಯದು ಚಾಕ್. ಹೆಸರು ಚಾಕ್ ಆದರೂ ಇದು ಕರಿಹಲಗೆಯ ಸೀಮೆಸುಣ್ಣವಲ್ಲ. ಸಿಲಿಕಾ ಮತ್ತು ಒರಟು ಖನಿಜಗಳ ಮಿಶ್ರಣ. ಅಮೆರಿಕದ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬುವರು 1897ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಳಪೆ ಚಾಕ್ ಪುಡಿಯಾಗಿ ಉದುರಿ ಮೇಜಿನ ಬಟ್ಟೆಯನ್ನು ಕೆಡಿಸುತ್ತದೆ. ಚಾಕಿನಲ್ಲಿ ಉಳಿಸಿದ ಹಣ ಬಟ್ಟೆಯಲ್ಲಿ ಕಳೆಯುತ್ತದೆ.

ಮೂರನೆಯದು ಶಾಫ್ಟಿನ ಶುಚಿತ್ವ. ಬೆವರು ಮತ್ತು ಚಾಕಿನ ಪುಡಿ ಸೇರಿ ಅಂಟಾದ ಕೋಲು ಬೆರಳ ನಡುವೆ ಸರಿಯಾಗಿ ಜಾರುವುದಿಲ್ಲ. ಪ್ರತಿದಿನ ಒಣಬಟ್ಟೆಯಿಂದ ಒರೆಸಿದರೆ ಸಾಕು. ಒರಟು ಮರಳು ಕಾಗದದಿಂದ ಪದೇ ಪದೇ ಉಜ್ಜಿದರೆ ಶಾಫ್ಟ್ ತೆಳುವಾಗಿ ಕೋಲಿನ ಗುಣವೇ ಬದಲಾಗುತ್ತದೆ.

ನಾಲ್ಕನೆಯ ಮೆಟ್ಟಿಲು ಪೂಲ್ ಕೋಲಿಗೆ ಬೇರೆ ಶಾಫ್ಟ್ ಕೊಳ್ಳುವುದು. ಜೋಡಣೆಯ ತಿರುಪಿನ ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಹಳೆಯ ಬಟ್ಟಿಗೆ ಹೊಂದುವುದನ್ನು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಪೂರ್ಣ ಹೊಸ ಕೋಲಿನ ಮಾತು ಬರುವುದು ಇದರ ನಂತರವೇ.

ಒಂದು ಅಂದಾಜು

ಎರಡು ಮೇಜುಗಳ ಕೇಂದ್ರದ ಮಾಲೀಕರಲ್ಲಿ ಕೋಲಿಗಾಗಿ 24,000 ರೂಪಾಯಿ ಇದೆ ಎಂದು ಭಾವಿಸಬಹುದು. ಇಲ್ಲಿಯ ಬೆಲೆಗಳು ಲೆಕ್ಕದ ಅನುಕೂಲಕ್ಕೆ ಮಾತ್ರ. 3,000 ರೂಪಾಯಿಯಂತೆ ಎಂಟು ಕೋಲು ಕೊಂಡರೆ ಹಣ ಅಲ್ಲಿಗೆ ಮುಗಿಯಿತು. ತಿಂಗಳೊಳಗೆ ಟಿಪ್ಪುಗಳು ಸವೆದಾಗ ಕೈ ಬರಿದು. ಬದಲಾಗಿ 2,500 ರೂಪಾಯಿಯಂತೆ ಆರು ಕೋಲುಗಳಿಗೆ 15,000 ರೂಪಾಯಿ, ನಿತ್ಯದ ಗಿರಾಕಿಗಳಿಗಾಗಿ ಒಂದು ಉತ್ತಮ ಕೋಲಿಗೆ 5,000 ರೂಪಾಯಿ ವೆಚ್ಚ ಮಾಡಿದರೆ ಟಿಪ್, ಅಂಟು, ಚಾಕ್, ಉಜ್ಜುವ ಉಪಕರಣ ಮತ್ತು ಗೋಡೆಯ ಸ್ಟ್ಯಾಂಡಿಗೆ 4,000 ರೂಪಾಯಿ ಉಳಿಯುತ್ತದೆ. ಏಕಕಾಲಕ್ಕೆ ನಾಲ್ವರು ಆಡುವಲ್ಲಿ ಏಳು ಕೋಲು ಸಾಕು. ಒಂದೆರಡು ದುರಸ್ತಿಯಲ್ಲಿದ್ದರೂ ಆಟ ನಿಲ್ಲದು.

ತೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಿಲಿಯರ್ಡ್ಸ್ ಸಾಮಗ್ರಿಗಳು ಸೇರುವ 9504ನೆಯ ಶೀರ್ಷಿಕೆಯ ಆಟದ ಸಲಕರಣೆಗಳ ಮೇಲಿದ್ದ ಶೇ. 28ರ ಸರಕು ಮತ್ತು ಸೇವಾ ತೆರಿಗೆ 2019ರ ಜನವರಿ 1ರಿಂದ ಶೇ. 18ಕ್ಕೆ ಇಳಿಯಿತು. ಖರೀದಿಯ ದಿನದ ದರವನ್ನು ಬಿಲ್ಲಿನಲ್ಲಿ ಪರಿಶೀಲಿಸಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಖರೀದಿಯ ಮೇಲಿನ ತೆರಿಗೆ ಹಿಂದಿರುಗದು. ಅವರಿಗೆ ಅದು ಪೂರ್ಣ ವೆಚ್ಚವೇ.

ಬಿಸಿಲು ನಾಡಿನ ಎಚ್ಚರಿಕೆ

ಮರವು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಈ ಹಿಗ್ಗುವಿಕೆ, ಕುಗ್ಗುವಿಕೆಗಳು ಒಂದು ಪಕ್ಕದಲ್ಲಿ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಮೆಯಾದಾಗ ಕೋಲು ಬಾಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲು, ಬಳಿಕ ಮಳೆಗಾಲದ ತೇವ ಇವೆರಡನ್ನೂ ಕಾಣುವ ಬಯಲುಸೀಮೆಯಲ್ಲಿ ಈ ಅಪಾಯ ನೈಜವಾದುದು. ತಗಡಿನ ಛಾವಣಿಯ ಕೆಳಗೆ ಗೋಡೆಗೆ ಓರೆಯಾಗಿ ಒರಗಿಸಿದ ಕೋಲು ಬೇಗ ಡೊಂಕಾಗುತ್ತದೆ. ನೆಟ್ಟಗೆ ನಿಲ್ಲುವ ಸ್ಟ್ಯಾಂಡಿನಲ್ಲಿ, ಕಿಟಕಿಯ ಬಿಸಿಲಿಗೂ ಹೊರಗೋಡೆಯ ತೇವಕ್ಕೂ ದೂರವಾಗಿ ಇಡಬೇಕು. ಕಾರಿನಲ್ಲಿ ಬಿಟ್ಟು ಹೋಗಲೇಬಾರದು. ಆ್ಯಶ್ ಶಾಫ್ಟಿಗೆ ವರ್ಷಕ್ಕೆ ಒಂದೆರಡು ಸಲ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ ಒರೆಸುವ ರೂಢಿ ಇದೆ. ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳಬಲ್ಲದು; ಅದನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು.

ಸ್ಥಳೀಯ ಉದ್ಯಮಿಗಳಿಗೆ ಅವಕಾಶ

ಕೋಲಿನ ತಯಾರಿಕೆಗೆ ವರ್ಷಗಟ್ಟಲೆ ಪಕ್ವವಾದ ಮರ ಮತ್ತು ನುರಿತ ಕೈ ಬೇಕು. ಸಣ್ಣ ಮರಗೆಲಸದ ಘಟಕ ಅದಕ್ಕೆ ಕೈಹಾಕುವುದು ಸಾಹಸವೇ ಸರಿ. ಆದರೆ ಗೋಡೆಯ ಸ್ಟ್ಯಾಂಡ್, ತಿರುಗುವ ಸ್ಟ್ಯಾಂಡ್, ಚೆಂಡು ಜೋಡಿಸುವ ತ್ರಿಕೋನ, ಕ್ಯಾನ್ವಾಸ್ ಚೀಲ, ಕೋಲು ಸಾಗಿಸುವ ಪೆಟ್ಟಿಗೆ ಇವೆಲ್ಲ ಸ್ಥಳೀಯ ಬಡಗಿಗಳೂ ಹೊಲಿಗೆಯವರೂ ಮಾಡಬಲ್ಲ ಸರಕುಗಳು. ಟಿಪ್ ಬದಲಿಸುವ ಕೆಲಸಕ್ಕೆ ಬೇಕಾದದ್ದು ಹರಿತವಾದ ಬ್ಲೇಡು, ಮರಳು ಕಾಗದ, ಒಳ್ಳೆಯ ಅಂಟು ಮತ್ತು ತಾಳ್ಮೆ. ಕ್ರೀಡಾ ಸಾಮಗ್ರಿಗಳ ವರ್ತಕರು ವಾರಕ್ಕೊಂದು ದಿನ ಈ ಸೇವೆ ನೀಡಿದರೆ, ಗಿರಾಕಿಯು ಆ ಕೆಲಸಕ್ಕಾಗಿ ದಾವಣಗೆರೆಗೋ ಹೊಸಪೇಟೆಗೋ ಹೋಗುವುದು ತಪ್ಪುತ್ತದೆ. ಟಿಪ್, ಚಾಕ್‌ಗಳ ಮಾರಾಟವೂ ಜೊತೆಗೇ ನಡೆಯುತ್ತದೆ.

ಕೋಲಿನ ವ್ಯಾಪಾರದಲ್ಲಿ ಒಂದು ಸಲದ ದೊಡ್ಡ ಮಾರಾಟಕ್ಕಿಂತ ಸಣ್ಣ ಸಣ್ಣ ಸೇವೆಗಳ ನಿರಂತರತೆಯೇ ಲಾಭದ ಮೂಲ. ಅಲಂಕಾರದ ಬಟ್ಟನ್ನು ತೋರಿಸಿ ಮಾರುವ ವರ್ತಕನಿಗೆ ಗಿರಾಕಿ ಒಮ್ಮೆ ಸಿಗುತ್ತಾನೆ. ನೇರವಾದ ಶಾಫ್ಟ್, ಸರಿಯಾದ ಟಿಪ್ ಯಾವುದೆಂದು ತಿಳಿಸಿ ಕೊಡುವ ವರ್ತಕನ ಬಳಿಗೆ ಆತ ಪ್ರತಿ ತಿಂಗಳೂ ಬರುತ್ತಾನೆ.