ಉಚಿತ ಕಾನೂನು ನೆರವು: ಯಾರಿಗೆ, ಎಲ್ಲಿ, ಹೇಗೆ?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ವಕೀಲರ ಫೀಸು, ಕೋರ್ಟ್ ಶುಲ್ಕ, ನಕಲು ಪ್ರತಿಯ ಖರ್ಚು ಎಂದು ಕೈ ಬರಿದು ಮಾಡಿಕೊಂಡವರ ಅನುಭವವೇ ಗಾದೆಯಾಗಿದೆ. ಆದರೆ ಈ ಖರ್ಚನ್ನು ಸರ್ಕಾರವೇ ಹೊರಬೇಕಾದ ಸಂದರ್ಭಗಳೂ ಇವೆ. ಅದು ದಾನವಲ್ಲ, ಹಕ್ಕು.

ಹಕ್ಕಾದದ್ದು ಹೇಗೆ?

1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಹಣವಿಲ್ಲವೆಂದೋ ಬೇರೆ ಅಡ್ಡಿಯಿಂದಲೋ ಯಾರಿಗೂ ನ್ಯಾಯ ತಪ್ಪಬಾರದು ಎಂಬುದು ಅದರ ಸಾರ. ಅದು ನಿರ್ದೇಶಕ ತತ್ವವಾದ್ದರಿಂದ ಅದನ್ನೊಂದನ್ನೇ ಹಿಡಿದು ಕೋರ್ಟಿನಲ್ಲಿ ಕೇಳುವಂತಿರಲಿಲ್ಲ. ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರಿಗೆ ಸಂಬಂಧಿಸಿದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, 1979ರಲ್ಲಿ, ಸುಪ್ರೀಂ ಕೋರ್ಟ್ ಕಾನೂನು ನೆರವನ್ನು 21ನೇ ವಿಧಿಯ ಜೀವಿಸುವ ಹಕ್ಕಿನೊಂದಿಗೆ ಜೋಡಿಸಿತು. 1986ರ ಸುಖ್ ದಾಸ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಕೀಲರಿಲ್ಲದೆ ವಿಚಾರಣೆ ಎದುರಿಸಿದ ಆರೋಪಿಗೆ ವಿಧಿಸಿದ್ದ ಶಿಕ್ಷೆಯನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆತ ನೆರವು ಕೇಳಲಿಲ್ಲ ಎಂಬ ನೆಪ ಅಲ್ಲಿ ನಿಲ್ಲಲಿಲ್ಲ. ಇಂಥದ್ದೊಂದು ಹಕ್ಕಿದೆ ಎಂದು ಆರೋಪಿಗೆ ತಿಳಿಸುವುದೇ ನ್ಯಾಯಾಧೀಶರ ಕರ್ತವ್ಯ ಎಂದಿತು.

ಯಾರಿಗೆ ಸಿಗುತ್ತದೆ?

ಈ ನೆರವು ಯಾರಿಗೆಂದು ಹೇಳುವ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರದು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಈ ನೆರವು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪೊಲೀಸ್ ಅಥವಾ ನ್ಯಾಯಾಂಗ ಬಂಧನದಲ್ಲಿರುವವರು, ಮಾನವ ಕಳ್ಳಸಾಗಣೆಗೆ ಮತ್ತು ಜೀತಕ್ಕೆ ಸಿಕ್ಕವರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯಗಳಿಗೆ ತುತ್ತಾದವರು, ಇವರೆಲ್ಲ ಆದಾಯ ಎಷ್ಟೇ ಇರಲಿ ಅರ್ಹರು. ಉಳಿದವರಿಗೆ ಮಾತ್ರ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿ ಅನ್ವಯಿಸುತ್ತದೆ. ಅದಕ್ಕೂ ಸಾಮಾನ್ಯವಾಗಿ ಅರ್ಜಿದಾರರ ಪ್ರಮಾಣಪತ್ರವೇ (ಅಫಿಡವಿಟ್) ಸಾಕು.

ಆದರೆ ಒಂದು ಷರತ್ತಿದೆ. ಮೇಲ್ನೋಟಕ್ಕಾದರೂ ನಿಮ್ಮ ಕೇಸಿನಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಅನಿಸಬೇಕು.

ಎಲ್ಲಿ, ಹೇಗೆ?

ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳಿಗೆ ಅವುಗಳದೇ ಸಮಿತಿ. ಕೇಸು ಎಲ್ಲಿದೆಯೋ ಅಲ್ಲಿನ ಕಚೇರಿಗೆ ಹೋಗಿ. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅಲ್ಲಿನವರು ಬರೆದುಕೊಳ್ಳುತ್ತಾರೆ. ಜೈಲಿನಲ್ಲಿರುವವರು ಜೈಲಿನ ಅಧಿಕಾರಿಗಳ ಮೂಲಕವೇ ಅರ್ಜಿ ಕಳಿಸಬಹುದು. ದೂರವಾಣಿ 15100ಕ್ಕೆ ಕರೆ ಮಾಡಿದರೆ ಮೊದಲ ಸಲಹೆ ಸಿಗುತ್ತದೆ.

ನಿಯಮದ ಪ್ರಕಾರ ಏಳು ದಿನಗಳೊಳಗೆ ಅರ್ಜಿಯ ತೀರ್ಮಾನವಾಗಬೇಕು. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದು. ಒಪ್ಪಿಗೆಯಾದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ (ಪ್ಯಾನೆಲ್) ವಕೀಲರನ್ನು ನೇಮಿಸುತ್ತಾರೆ. ಕೋರ್ಟ್ ಶುಲ್ಕ, ದಾಖಲೆ ಪತ್ರಗಳ ನಕಲು, ಭಾಷಾಂತರದ ಖರ್ಚನ್ನೂ ಪ್ರಾಧಿಕಾರವೇ ಭರಿಸುತ್ತದೆ.

ಲೋಕ ಅದಾಲತ್

ರಾಜಿಗೆ ಒಗ್ಗುವ ವ್ಯಾಜ್ಯವಾದರೆ ಲೋಕ ಅದಾಲತ್ ಹತ್ತಿರದ ದಾರಿ. ಅಲ್ಲಿಯ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಪ್ರತಿ ಸಾಲನ್ನೂ ಓದಿಸಿಕೊಂಡು ಕೇಳಿ. ಒತ್ತಾಯಕ್ಕೆ ಮಣಿಯಬೇಕಿಲ್ಲ, ರಾಜಿ ಬೇಡವೆಂದರೆ ಕೇಸು ಮತ್ತೆ ನ್ಯಾಯಾಲಯಕ್ಕೇ ಹೋಗುತ್ತದೆ. ಕೊಲೆಯಂಥ ರಾಜಿಯಾಗದ ಅಪರಾಧಗಳು ಇಲ್ಲಿಗೆ ಬರುವುದಿಲ್ಲ.

ಕೊನೆಯದಾಗಿ ಒಂದು ಮಾತು. ಕಾನೂನು ನೆರವಿನಡಿ ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ‘ಖರ್ಚಿಗಿರಲಿ’ ಎಂದು ಯಾರಾದರೂ ಕೈ ಚಾಚಿದರೆ ಕೊಡಬೇಡಿ. ನೇರವಾಗಿ ಪ್ರಾಧಿಕಾರಕ್ಕೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.