ಸ್ಪೋರ್ಟ್ಸ್ ಬೈಕಿನ ಮೇಲೆ ಕೂರುವ ಕ್ರಮ

ಗುಲಾಬಿ ಹೂವಿಗೆ ಹೆಸರಾದ ನಮ್ಮ ಹೊಸೂರು ಮೋಟಾರು ವಾಹನಗಳಿಗೂ ಹೆಸರಾದ ಊರು. 1980ರಲ್ಲಿ ಇಲ್ಲಿನ ಟಿ.ವಿ.ಎಸ್. ಕಾರ್ಖಾನೆಯಿಂದ ಇಬ್ಬರು ಕೂರಬಹುದಾದ ‘ಟಿ.ವಿ.ಎಸ್. 50’ ಎಂಬ ಮೊಪೆಡ್ ಹೊರಬಂದಿತು. ಹಾಲಿನ ಕ್ಯಾನು, ಸೊಪ್ಪಿನ ಗಂಟು, ಹಿಂದೊಬ್ಬ ನೆಂಟ, ಇಷ್ಟನ್ನೂ ಹೊತ್ತು ಅದು ಹಳ್ಳಿದಾರಿಗಳಲ್ಲಿ ಓಡಾಡಿತು. ಅದರ ಮೇಲೆ ಕೂರುವುದನ್ನು ಯಾರಿಗೂ ಕಲಿಸಬೇಕಾಗಿರಲಿಲ್ಲ. ಕುರ್ಚಿಯಲ್ಲಿ ಕೂತಂತೆ ಬೆನ್ನು ನೆಟ್ಟಗೆ, ಕೈ ಸಡಿಲ, ಕಾಲು ಮುಂದೆ. 2017ರ ಡಿಸೆಂಬರಿನಲ್ಲಿ ಅದೇ ಕಂಪನಿ ‘ಅಪಾಚೆ ಆರ್.ಆರ್. 310’ ಎಂಬ ಸ್ಪೋರ್ಟ್ಸ್ ಬೈಕನ್ನು ಹೊರತಂದಿತು. 2008ರಲ್ಲಿ ಬಂದ ಯಮಹಾ ಆರ್15, 2014ರಲ್ಲಿ ಬಂದ ಕೆ.ಟಿ.ಎಂ. ಆರ್.ಸಿ. ಬೈಕುಗಳೂ ಇದೇ ಜಾತಿಯವು. ಇವುಗಳಲ್ಲಿ ಹ್ಯಾಂಡಲ್ ತಗ್ಗಿನಲ್ಲಿದೆ, ಸೀಟು ಎತ್ತರದಲ್ಲಿದೆ, ಕಾಲಿಡುವ ಫುಟ್‌ರೆಸ್ಟ್ ಹಿಂದಕ್ಕೂ ಮೇಲಕ್ಕೂ ಸರಿದಿದೆ. ಸವಾರ ಮುಂದಕ್ಕೆ ಬಾಗಲೇಬೇಕು. ಇಲ್ಲಿ ಕೂರುವುದನ್ನು ಕಲಿಯಬೇಕಾಗುತ್ತದೆ.

ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗರಲ್ಲಿ ಕೆಲವರು ಇಂತಹ ಬೈಕುಗಳಲ್ಲಿ ದಿನವೂ ಬೆಂಗಳೂರಿನ ಕಡೆಗೆ ಕೆಲಸಕ್ಕೆ ಹೋಗಿಬರುತ್ತಾರೆ. ಅವರು ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ. ಮಣಿಕಟ್ಟು ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಸೊಂಟ ಸೋಲುತ್ತದೆ. ಇದನ್ನು ಕೇಳಿದ ಮನೆಯ ಹಿರಿಯರು ‘ಆ ಬೈಕೇ ಸರಿಯಿಲ್ಲ, ಮಾರಿಬಿಡು’ ಎನ್ನುತ್ತಾರೆ. ಹುಡುಗರು ‘ಇಂತಹ ಬೈಕೆಂದರೆ ಹಾಗೆಯೇ, ಸಹಿಸಿಕೊಳ್ಳಬೇಕು’ ಎನ್ನುತ್ತಾರೆ. ಎರಡು ಮಾತೂ ಪೂರ್ತಿ ನಿಜವಲ್ಲ. ಈ ನೋವಿನ ಬಹುಪಾಲು ಬರುವುದು ದೇಹದ ಭಾರವನ್ನು ಹೊರಬಾರದ ಕಡೆ ಹೊರಿಸುವುದರಿಂದ. ಭಾರ ಹೊರಬೇಕಾದದ್ದು ಕಾಲು, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳು, ಕೈಗಳಲ್ಲ. ಈ ಒಂದು ಮಾತನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಮೊದಲು ಬೈಕಿನ ಆಕಾರ ಹೀಗೇಕೆ ಎಂಬುದನ್ನು ನೋಡೋಣ. ವೇಗವಾಗಿ ಹೋಗುವವನಿಗೆ ದೊಡ್ಡ ಎದುರಾಳಿ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ತಡೆ ಒಂಬತ್ತರಷ್ಟಾಗುತ್ತದೆ. ಆದ್ದರಿಂದ ಪಂದ್ಯದ ಸವಾರರು ಗಾಳಿಗೆ ಸಿಗದಂತೆ ಬಾಗುತ್ತಾರೆ. ಇದಕ್ಕೊಂದು ಪ್ರಸಿದ್ಧ ಉದಾಹರಣೆಯಿದೆ. 1948ರ ಸೆಪ್ಟೆಂಬರ್ 13ರಂದು ಅಮೆರಿಕದ ಬಾನ್‌ವಿಲ್ ಎಂಬ ಉಪ್ಪಿನ ಬಯಲಿನಲ್ಲಿ ರಾಲಿ ಫ್ರೀ ಎಂಬಾತ ವಿನ್ಸೆಂಟ್ ಬೈಕೊಂದರ ಮೇಲೆ ಹೊಟ್ಟೆಯ ಮೇಲೆ ಮಲಗಿ, ಕಾಲುಗಳನ್ನು ಹಿಂದಕ್ಕೆ ನೀಳವಾಗಿ ಚಾಚಿ, ಈಜುಡುಗೆಯಲ್ಲಿಯೇ ಓಡಿಸಿದ. ಗಂಟೆಗೆ 150 ಮೈಲಿಗೂ ಮಿಗಿಲಾದ, ಅಂದರೆ ಸುಮಾರು 242 ಕಿಲೋಮೀಟರ್ ವೇಗದ ದಾಖಲೆ ಅವನದಾಯಿತು. ಗಾಳಿಯ ತಡೆಯನ್ನು ಕಡಿಮೆ ಮಾಡಲು ಮನುಷ್ಯ ಎಷ್ಟು ದೂರ ಹೋಗಬಲ್ಲನೆಂಬುದಕ್ಕೆ ಇದು ಸಾಕ್ಷಿ. ವಿದ್ಯಾರ್ಥಿಗಳೇ, ಇದು ಅನುಕರಿಸುವ ಕೆಲಸವಲ್ಲ. ಅದು ಜನರಿಲ್ಲದ, ತಿರುವಿಲ್ಲದ ಬಯಲು.

ಫುಟ್‌ರೆಸ್ಟ್ ಎತ್ತರದಲ್ಲಿರುವುದಕ್ಕೆ ಕಾರಣ ಬೇರೆ. ತಿರುವಿನಲ್ಲಿ ಬೈಕು ಬಹಳ ವಾಲಿದಾಗ ಅದು ನೆಲಕ್ಕೆ ಉಜ್ಜಬಾರದು. ಹೀಗೆ ಸ್ಪೋರ್ಟ್ಸ್ ಬೈಕಿನ ಪ್ರತಿಯೊಂದು ಭಾಗವೂ ಪಂದ್ಯದ ಹಾದಿಯನ್ನು ನೆನೆದು ಮಾಡಿದ್ದು. ರಸ್ತೆಯ ಅಗತ್ಯ ಬೇರೆ, ಪಂದ್ಯದ ಅಗತ್ಯ ಬೇರೆ ಎಂಬುದನ್ನು ತಯಾರಕರೂ ಬಲ್ಲರು. 2021ರಲ್ಲಿ ಹೊಸೂರಿನ ಆ ಬೈಕಿಗೆ, ಬೇಕೆಂದವರಿಗೆ ಮಾತ್ರ, ಇನ್ನೂ ಹೆಚ್ಚು ಬಾಗಿ ಕೂರಿಸುವ ಹ್ಯಾಂಡಲನ್ನೂ ಎತ್ತರಿಸಿದ ಫುಟ್‌ರೆಸ್ಟನ್ನೂ ‘ರೇಸ್ ಕಿಟ್’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿ ಕೊಡಲಾರಂಭಿಸಿದರು.

ಈಗ ನಮ್ಮ ರಸ್ತೆಗೆ ಬನ್ನಿ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿ ಸವಾರನ ಎದೆಯನ್ನು ಒತ್ತಿ ಒಂದಿಷ್ಟು ಭಾರವನ್ನು ತಾನೇ ಹೊರುತ್ತದೆ. ಅತ್ತಿಬೆಲೆಯ ವಾಹನದಟ್ಟಣೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಆ ಆಸರೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಬಾಗಿದ ಮೈಯ ಭಾರ ಆಗ ಎಲ್ಲಿಗೆ ಹೋಗಬೇಕು? ತಿಳಿಯದವನಲ್ಲಿ ಅದು ನೇರವಾಗಿ ಅಂಗೈಗೆ ಇಳಿಯುತ್ತದೆ. ಮಣಿಕಟ್ಟಿನಲ್ಲಿ ಹಾದುಹೋಗುವ ನರಗಳು ಒತ್ತಿಹೋಗುತ್ತವೆ. ಒಂದು ನರ ಒತ್ತಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಇನ್ನೊಂದು ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು.

ಇದು ಬರಿಯ ಸುಖದ ಪ್ರಶ್ನೆಯಲ್ಲ. ಮುಂದಿನ ಚಕ್ರದ ಬ್ರೇಕು ಇರುವುದು ಆ ಬೆರಳುಗಳ ಕೆಳಗೇ. 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಜೋಮು ಹಿಡಿದ ಬೆರಳು ಬ್ರೇಕನ್ನು ಮುಟ್ಟಲು ಅರ್ಧ ಸೆಕೆಂಡು ತಡಮಾಡಿದರೂ ಎಂಟು ಮೀಟರ್ ಕೈಬಿಟ್ಟುಹೋಯಿತು. ರಸ್ತೆ ದಾಟುತ್ತಿರುವ ಮಗುವಿಗೂ ಬೈಕಿಗೂ ನಡುವೆ ಇದ್ದ ಅಂತರ ಅಷ್ಟೇ ಆಗಿದ್ದರೆ? ಸರಿಯಾಗಿ ಕೂರುವುದು ತನ್ನ ಜೀವಕ್ಕೂ ಪರರ ಜೀವಕ್ಕೂ ಸಂಬಂಧಿಸಿದ ವಿಷಯವೆಂದು ಹೇಳುವುದು ಇದಕ್ಕಾಗಿಯೇ.

ಬೈಕಿಲ್ಲದೆ ತರಗತಿಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಬೆಂಚಿನಿಂದ ಒಂದು ಹೆಜ್ಜೆ ಹಿಂದೆ ನಿಂತು, ಹೊಟ್ಟೆಯನ್ನು ಸಡಿಲ ಬಿಟ್ಟು ಮುಂದಕ್ಕೆ ಬಾಗಿ ಅಂಗೈಗಳನ್ನು ಬೆಂಚಿನ ಮೇಲಿಡಿ. ಅಂಗೈಯ ಕೆಳಗೆ ಒಂದು ಹಾಳೆಯಿರಲಿ. ಅದನ್ನು ಎಳೆಯಲು ಗೆಳೆಯನಿಗೆ ಹೇಳಿ. ಹಾಳೆ ಬಾರದು, ಬಂದರೆ ಹರಿದು ಬರುತ್ತದೆ. ಈಗ ಮಂಡಿಗಳನ್ನು ತುಸು ಮಡಿಸಿ, ಸೊಂಟವನ್ನು ಹಿಂದಕ್ಕೆ ಸರಿಸಿ, ಹೊಟ್ಟೆಯನ್ನು ಬಿಗಿಹಿಡಿಯಿರಿ. ಕೈ ಅಲ್ಲಿಯೇ ಇರುತ್ತದೆ, ಮೈಯೂ ಬಾಗಿಯೇ ಇರುತ್ತದೆ. ಆದರೆ ಹಾಳೆ ಸಲೀಸಾಗಿ ಜಾರಿ ಬರುತ್ತದೆ. ಭಾರ ಕೈಯಿಂದ ಕಾಲಿಗೆ ಹೋಯಿತು. ಸ್ಪೋರ್ಟ್ಸ್ ಬೈಕಿನ ಸವಾರಿಯ ಗುಟ್ಟೆಲ್ಲ ಇದರಲ್ಲಿದೆ.

ಕುದುರೆ ಸವಾರನನ್ನು ನೆನೆಯಿರಿ. ಅವನು ಕುದುರೆಯನ್ನು ತೊಡೆಗಳಿಂದ ಅವುಚಿ, ಪಾದಗಳನ್ನು ರಿಕಾಪಿನಲ್ಲಿ ಊರಿ ಕೂರುತ್ತಾನೆ. ಲಗಾಮು ಇರುವುದು ಕುದುರೆಗೆ ದಾರಿ ತೋರಿಸಲು, ಜೋತು ಬೀಳಲು ಅಲ್ಲ. ಬೈಕಿನ ಹ್ಯಾಂಡಲ್ ಲಗಾಮಿನಂತೆ, ಪೆಟ್ರೋಲ್ ಟ್ಯಾಂಕು ಕುದುರೆಯ ಮೈಯಂತೆ, ಫುಟ್‌ರೆಸ್ಟ್ ರಿಕಾಪಿನಂತೆ. ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟು ಕಾಲಿನಿಂದ ತಲೆಯವರೆಗೆ ಕೂರುವ ಕ್ರಮವನ್ನು ನೋಡೋಣ.

ಪಾದದ ಮುಂಭಾಗವನ್ನು ಫುಟ್‌ರೆಸ್ಟಿನ ಮೇಲೆ ಊರಬೇಕು. ಗೇರು ಬದಲಿಸುವಾಗ, ಹಿಂದಿನ ಬ್ರೇಕು ಒತ್ತುವಾಗ ಪಾದವನ್ನು ಮುಂದಕ್ಕೆ ತಂದರೆ ಸಾಕು. ಮಂಡಿ ಮತ್ತು ಒಳತೊಡೆಗಳು ಟ್ಯಾಂಕನ್ನು ಅವುಚಿರಬೇಕು. ಬ್ರೇಕು ಹಾಕಿದಾಗ ಮೈ ಮುಂದಕ್ಕೆ ನುಗ್ಗುತ್ತದೆ. ಆ ನುಗ್ಗುವಿಕೆಯನ್ನು ತೊಡೆಗಳು ತಡೆಯದಿದ್ದರೆ ಕೈಗಳೇ ತಡೆಯಬೇಕಾಗುತ್ತದೆ. ಟ್ಯಾಂಕಿಗೆ ಅಂಟಿಕೊಂಡು ಕೂರದೆ, ಸುಮಾರು ಒಂದು ಮುಷ್ಟಿಯಷ್ಟು ಜಾಗ ಬಿಟ್ಟು ಹಿಂದಕ್ಕೆ ಕೂರಬೇಕು. ಬಾಗುವುದು ಸೊಂಟದ ಕೀಲಿನಿಂದ ಇರಲಿ. ಬೆನ್ನನ್ನು ಗೂನು ಮಾಡಿ ಬಾಗಿದರೆ ನಡುಬೆನ್ನು ಬೇಗ ಸೋಲುತ್ತದೆ. ಹೊಟ್ಟೆಯ ಸ್ನಾಯುಗಳು ಹದವಾಗಿ ಬಿಗಿಯಾಗಿರಲಿ. ಹೆಗಲುಗಳನ್ನು ಕಿವಿಯವರೆಗೆ ಏರಿಸಬಾರದು. ಮೊಣಕೈ ಸ್ವಲ್ಪ ಮಡಿಸಿರಬೇಕು. ನೆಟ್ಟಗೆ ಚಾಚಿದ ಕೈ ರಸ್ತೆಯ ಹಳ್ಳದ ಪೆಟ್ಟನ್ನೆಲ್ಲ ಹೆಗಲಿಗೆ ಸಾಗಿಸುತ್ತದೆ. ಅಷ್ಟೇ ಅಲ್ಲ, ಹ್ಯಾಂಡಲ್ ತಾನಾಗಿ ಮಾಡಿಕೊಳ್ಳುವ ಸಣ್ಣ ತಿದ್ದುಪಡಿಗಳಿಗೂ ಅಡ್ಡಿಯಾಗುತ್ತದೆ. ಹಿಡಿತ ಬಿಗಿಯಾಗಿರಬಾರದು. ನಡುನಡುವೆ ಬೆರಳುಗಳನ್ನು ಹಗುರವಾಗಿ ಆಡಿಸಿ ನೋಡಿಕೊಳ್ಳಿ. ಆಡಿಸಲು ಬಾರದಿದ್ದರೆ ಭಾರ ಕೈಗೆ ಬಂದಿದೆ ಎಂದರ್ಥ.

ಮನುಷ್ಯ ಬೈಕಿಗೆ ಹೊಂದಿಕೊಂಡರೆ ಮಾತ್ರ ಸಾಲದು, ಬೈಕನ್ನೂ ಮನುಷ್ಯನಿಗೆ ಹೊಂದಿಸಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸವಾರಿಯ ಭಂಗಿಯಲ್ಲಿ ಕೂತು ಬೆರಳುಗಳನ್ನು ಚಾಚಿದಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿ ಬ್ರೇಕಿನ ಲಿವರನ್ನು ಮುಟ್ಟಬೇಕು. ಮಣಿಕಟ್ಟು ಮೇಲಕ್ಕೆ ಮಡಿಯುವಂತಿದ್ದರೆ ಲಿವರಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿಮಾಡಿಸಬೇಕು. ಕ್ಲಚ್ಚಿಗೂ ಇದೇ ಕ್ರಮ. ಗೇರಿನ ಲಿವರೂ ಹಿಂದಿನ ಬ್ರೇಕಿನ ಪೆಡಲೂ ಪಾದದ ಮಟ್ಟಕ್ಕೆ ಹೊಂದಿರಲಿ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು ಸವಾರನ ತೂಕಕ್ಕೆ ತಕ್ಕಂತಿರಲಿ. ಟೈರಿನ ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಟ್ಯಾಂಕಿನ ಎರಡು ಬದಿಗೂ ರಬ್ಬರಿನ ಹಾಳೆ ಅಂಟಿಸಿದರೆ ತೊಡೆ ಜಾರುವುದಿಲ್ಲ. ಹ್ಯಾಂಡಲಿನ ಎರಡು ತುದಿಯ ಭಾರದ ಗುಂಡುಗಳು ಅಲಂಕಾರಕ್ಕಲ್ಲ. ಅವು ಎಂಜಿನ್ನಿನ ನಡುಕವನ್ನು ತಗ್ಗಿಸುತ್ತವೆ. ಚೆಂದಕ್ಕೆಂದು ಅವನ್ನು ಬಿಚ್ಚಿಹಾಕಿದವನ ಬೆರಳು ಬೇಗ ಜೋಮು ಹಿಡಿದರೆ ಆಶ್ಚರ್ಯವೇನು?

ಕೆಲವರು ಹ್ಯಾಂಡಲನ್ನೇ ಎತ್ತರಿಸಲು ಹೊರಡುತ್ತಾರೆ. ಅದು ನುರಿತ ಮೆಕ್ಯಾನಿಕ್ ಮಾಡಬೇಕಾದ ಕೆಲಸ. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿದಾಗ ಬ್ರೇಕಿನ ಕೊಳವೆ, ಕೇಬಲ್ಲುಗಳು ಎಳೆಯಬಾರದು. ಬೆರಳು ಟ್ಯಾಂಕಿಗೆ ಸಿಕ್ಕಬಾರದು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತಹ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲವೆಂಬುದೂ ನೆನಪಿರಲಿ.

ಇನ್ನು ಸವಾರನ ಅಭ್ಯಾಸಗಳು. ಬೆನ್ನಿಗೆ ಹಾಕಿದ ಭಾರವಾದ ಚೀಲ ಬಾಗಿದಾಗ ಹೆಗಲ ಮೇಲೆ ಬಿದ್ದು, ಅಲ್ಲಿಂದ ಮಣಿಕಟ್ಟಿಗೆ ಇಳಿಯುತ್ತದೆ. ಅದನ್ನು ಹಿಂದಿನ ಸೀಟಿಗೆ ಭದ್ರವಾಗಿ ಕಟ್ಟುವುದು ಮೇಲು. ತಲೆಗೆ ಸರಿಹೊಂದದ ಹೆಲ್ಮೆಟ್ಟು ಕತ್ತಿಗೆ ಹೆಚ್ಚಿನ ಹೊರೆ. ಹೊಸಬರು ಮುಕ್ಕಾಲು ಗಂಟೆಗೊಮ್ಮೆ ಇಳಿದು ನೀರು ಕುಡಿದು, ಕತ್ತು, ಹೆಗಲು, ಸೊಂಟವನ್ನು ಸಡಿಲಿಸಬೇಕು. ಶಾಲೆಯ ವ್ಯಾಯಾಮದ ಅವಧಿಯಲ್ಲಿ ಹೊಟ್ಟೆಗೂ ಬೆನ್ನಿಗೂ ಕಲಿಸುವ ಕಸರತ್ತು ವ್ಯರ್ಥವಲ್ಲ; ಗಟ್ಟಿಯಾದ ನಡುವೇ ಇಂತಹ ಸವಾರಿಗೆ ಬಂಡವಾಳ. ಇಷ್ಟೆಲ್ಲ ಮಾಡಿದರೂ ಇಳಿದ ಬಳಿಕವೂ ಜೋಮು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ನರದ ನೋವನ್ನು ಪೌರುಷದಿಂದ ಗೆಲ್ಲಲಾಗದು.

ತಂದೆತಾಯಂದಿರಿಗೆ ಎರಡು ಮಾತು. ಮಗನೋ ಮಗಳೋ ಬೈಕು ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ಮಾತ್ರ ನೋಡಬೇಡಿ. ಅಂಗಡಿಯಲ್ಲಿಯೇ ಹತ್ತು ನಿಮಿಷ ಅದರ ಮೇಲೆ ಸವಾರಿಯ ಭಂಗಿಯಲ್ಲಿ ಕೂರಿಸಿ ನೋಡಿ. ಪಾದ ನೆಲಕ್ಕೆ ಎಟುಕುತ್ತದೆಯೇ, ಕೈಗೆ ಭಾರ ಬೀಳುತ್ತದೆಯೇ ಎಂದು ವಿಚಾರಿಸಿ. ಈ ಬಗೆಯ ಬೈಕುಗಳ ಸೀಟು ಸಾಮಾನ್ಯವಾಗಿ 800 ಮಿಲಿಮೀಟರಿಗಿಂತ ಎತ್ತರ. ಹಿಂದಿನ ಸೀಟು ಇನ್ನೂ ಎತ್ತರ, ಸಣ್ಣದು. ದಿನವೂ ತಾಯಿಯನ್ನೋ ತಂಗಿಯನ್ನೋ ಕೂರಿಸಿಕೊಂಡು ಹೋಗಬೇಕಾದ ಮನೆಗೆ ಇದು ತಕ್ಕದ್ದಲ್ಲ. ಬ್ರೇಕು ಹಾಕಿದಾಗ ಹಿಂದೆ ಕೂತವರ ಭಾರವೂ ಮುಂದಿನವನ ಕೈಗೇ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣಕ್ಕಷ್ಟೇ ಅಲ್ಲ, ಮೈಯಳತೆಗೂ ಒಪ್ಪುವ ಮಾತು.

ಎರಡನೆಯದು ಇನ್ನೂ ಮುಖ್ಯ. ಗೇರಿರುವ ಬೈಕು ಓಡಿಸಲು 18 ವರ್ಷ ತುಂಬಿ ಲೈಸೆನ್ಸು ಪಡೆದಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ನಡೆದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಪ್ರೀತಿಯಿಂದ ಕೈಗೆ ಕೊಟ್ಟ ಬೀಗದ ಕೈ ಮನೆಯನ್ನೇ ಕಷ್ಟಕ್ಕೆ ನೂಕಬಾರದು.

ವಿದ್ಯಾರ್ಥಿಗಳೇ, ಅಲ್ಲಿಯವರೆಗೆ ನಿಮಗೆ ಸೈಕಲ್ಲಿದೆ. ಹ್ಯಾಂಡಲಿನ ಮೇಲೆ ಒರಗದೆ, ನಡುವಿನ ಬಲದಿಂದ ಕೂತು, ಕೈ ಹಗುರಾಗಿಟ್ಟು, ದೃಷ್ಟಿಯನ್ನು ದೂರಕ್ಕೆ ನೆಟ್ಟು ಅದನ್ನು ತುಳಿಯುವುದನ್ನು ಈಗಲೇ ರೂಢಿಸಿಕೊಳ್ಳಿ. ಇಂದು ಸೈಕಲ್ಲಿನ ಮೇಲೆ ಕಲಿತ ಶಿಸ್ತು ನಾಳೆ ಎಂತಹ ಬೈಕಿನ ಮೇಲೂ ನಿಮ್ಮನ್ನು ಕಾಯುತ್ತದೆ.